ದೂರದ ಗೋಪುರದಲ್ಲಿ ಎರಡು ಕೈಗಳು

(ಶಾಲೆಯ ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಈ ಶಾಲೆಯ ಜಗಲಿಯಲ್ಲಿ ಅಕ್ಷರ ಕಲಿತು, ಮುಂದೆ ಮೂವತ್ತನಾಲ್ಕು ವರ್ಷ ಕಾಸರಗೋಡಿನ ಬೇರೆ ಬೇರೆ ಶಾಲೆಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಶತಮಾನೋತ್ಸವ ಸಮಿತಿಯವರು ಬಂದು, ತಮಗೆ ಇಷ್ಟವಾದ ಯಾವ ವಿಷಯವನ್ನಾದರೂ ಕುರಿತು ಮಾತನಾಡಬಹುದು ಎಂದು ಹೇಳಿದರು. ಅವರ ಮನಸ್ಸಿನಲ್ಲಿ ಹಳಗನ್ನಡ ಕಾವ್ಯವೋ ಗಡಿನಾಡ ಸಾಹಿತ್ಯವೋ ಇದ್ದಿರಬೇಕು. ನಾನು ಇಂಗ್ಲೆಂಡಿನ ಸರ‍್ರೆ ಸೀಮೆಯ ಒಂದು ಕುರುಚಲು ಕಾಡಿನೊಳಗೆ ನಿಂತಿರುವ ಇಟ್ಟಿಗೆಯ ಗೋಪುರದ ವಿಷಯ ಹೇಳುತ್ತೇನೆಂದಾಗ ಅವರು ಒಂದು ಗಳಿಗೆ ಸುಮ್ಮನಾದರು. ಒಪ್ಪಿಕೊಂಡದ್ದು ಅವರ ದೊಡ್ಡತನ.

ಈ ವಿಷಯಕ್ಕೆ ನಾನು ಬಂದ ದಾರಿ ಬೇಕಲದ ಮೂಲಕ. ಐದನೆಯ ತರಗತಿಯಲ್ಲಿದ್ದಾಗ ನಮ್ಮನ್ನು ಬೇಕಲ ಕೋಟೆಗೆ ಪ್ರವಾಸ ಕರೆದೊಯ್ದಿದ್ದರು. ಇಕ್ಕೇರಿಯ ಶಿವಪ್ಪನಾಯಕನ ಕಾಲದಲ್ಲಿ, ಹದಿನೇಳನೆಯ ಶತಮಾನದ ನಡುವೆ ಕಟ್ಟಿದ ಕೋಟೆ ಅದು. ಅದರ ನಡುವೆ ಅಗಲವಾದ ಏರುದಾರಿಯುಳ್ಳ ವೀಕ್ಷಣಾ ಬುರುಜು ಇರುವುದು ನಿಮಗೆಲ್ಲ ಗೊತ್ತು. ನಾವು ಓಡಿ ಹತ್ತಿ, ಸಮುದ್ರ ಕಂಡಿತು, ಕೋಟಿಕುಳಂ ಕಂಡಿತು ಎಂದು ಕೂಗಾಡಿದೆವು. ನಮ್ಮ ಸಮಾಜಪಾಠದ ಮೇಷ್ಟ್ರು ನಿಧಾನವಾಗಿ ಹತ್ತಿಬಂದು, ಕೊಡೆಯನ್ನು ಊರಿ ನಿಂತು, ಒಂದೇ ಪ್ರಶ್ನೆ ಕೇಳಿದರು: “ಕಂಡಿತು, ಸರಿ. ಕಂಡದ್ದನ್ನು ಯಾರಿಗೆ ಹೇಳುವುದು? ಹೇಗೆ ಹೇಳುವುದು?” ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಅವರೂ ಹೇಳಲಿಲ್ಲ. ಮಳೆ ಬರುವಂತಿತ್ತು, ಇಳಿದು ಬಸ್ಸು ಹತ್ತಿದೆವು.

ಆ ಪ್ರಶ್ನೆಗೆ ಒಂದು ದೇಶದ ನೌಕಾದಳ ಕೊಟ್ಟುಕೊಂಡ ಉತ್ತರವನ್ನು ನಾನು ಅರುವತ್ತು ದಾಟಿದ ಮೇಲೆ ನೋಡಿದೆ. ಮಗಳು ಲಂಡನ್ನಿನ ಹತ್ತಿರ ಇರುವುದರಿಂದ ಅಲ್ಲಿ ಕೆಲವು ತಿಂಗಳು ಇರುವ ಯೋಗ ಬಂತು. ಚಾಟ್ಲಿ ಹೀತ್ ಎಂಬ ಆ ಸ್ಥಳಕ್ಕೆ ಹೋಗುವ ಮುನ್ನ ಆ ಗೋಪುರದ ಹಿಂದಿನ ಕಥೆಯನ್ನು ಸ್ವಲ್ಪ ಹೇಳಬೇಕು.

ಲಂಡನ್ನಿನಲ್ಲಿ ನೌಕಾದಳದ ಆಡಳಿತ ಕಚೇರಿಯಾದ ಅಡ್ಮಿರಾಲ್ಟಿ. ಎಪ್ಪತ್ತು ಮೈಲಿ ದೂರದಲ್ಲಿ, ದಕ್ಷಿಣ ಕಡಲತೀರದ ಪೋರ್ಟ್ಸ್‌ಮತ್ ಬಂದರಿನಲ್ಲಿ ಹಡಗುಗಳು. ಅಪ್ಪಣೆ ಇಲ್ಲಿ, ಕೆಲಸ ಅಲ್ಲಿ. ನಡುವೆ ಕುದುರೆ ಸವಾರ. ಯುದ್ಧಕಾಲದಲ್ಲಿ ಗಾಳಿ ಅನುಕೂಲವಾದ ಕ್ಷಣದಲ್ಲೇ ಹಡಗು ಹೊರಡಬೇಕು. ಸವಾರ ಬರುವಷ್ಟರಲ್ಲಿ ಗಾಳಿ ತಿರುಗಿರುತ್ತದೆ. ಇತ್ತ ಶತ್ರುವಾದ ಫ್ರಾನ್ಸಿನಲ್ಲಿ ಕ್ಲೋದ್ ಶಾಪ್ ಎಂಬವನು ಗೋಪುರಗಳ ಮೇಲೆ ಮರದ ತೋಳುಗಳನ್ನು ನಿಲ್ಲಿಸಿ, ದೂರದರ್ಶಕದಿಂದ ನೋಡಿ ಒಂದರಿಂದೊಂದಕ್ಕೆ ಸುದ್ದಿ ದಾಟಿಸುವ ಸಾಲನ್ನು 1794ರಲ್ಲಿ ಪ್ಯಾರಿಸ್ಸಿನಿಂದ ಲಿಲ್ ಪಟ್ಟಣದವರೆಗೆ ನಡೆಸಿ ತೋರಿಸಿದ್ದನು. ಇಂಗ್ಲೆಂಡಿಗೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ. ಪಾದ್ರಿಯಾಗಿದ್ದ ಲಾರ್ಡ್ ಜಾರ್ಜ್ ಮರ‍್ರೆ ಎಂಬವರು ಬೇರೊಂದು ಉಪಾಯ ಹೇಳಿದರು. ಎತ್ತರದ ಚೌಕಟ್ಟಿನಲ್ಲಿ ಆರು ಫಲಕಗಳು, ಎರಡು ಸಾಲು, ಸಾಲಿಗೆ ಮೂರು. ಪ್ರತಿಯೊಂದು ಫಲಕವನ್ನು ಹಗ್ಗ ಎಳೆದು ತಿರುಗಿಸಿದರೆ ಮುಖ ಕಾಣುತ್ತದೆ, ಇಲ್ಲವೇ ಅಂಚು ಕಾಣುತ್ತದೆ. ಗಣಿತ ಬಲ್ಲ ಮಕ್ಕಳು ಈಗಾಗಲೇ ಲೆಕ್ಕ ಹಾಕಿರಬಹುದು: ಎರಡರ ಆರನೆಯ ಘಾತ, 64 ವಿನ್ಯಾಸಗಳು. 1796ರಲ್ಲಿ ಲಂಡನ್ನಿನಿಂದ ಡೀಲ್ ಮತ್ತು ಪೋರ್ಟ್ಸ್‌ಮತ್‌ಗಳಿಗೆ ಈ ಸಾಲುಗಳು ಸಿದ್ಧವಾದವು. ಆಮೇಲೆ ಪ್ಲಿಮತ್‌ಗೆ, ಯಾರ್ಮತ್‌ಗೆ. ಆ ನಿಲ್ದಾಣಗಳು ಮರದ ಹಲಗೆಯ ಗುಡಿಸಲುಗಳು, ಯುದ್ಧ ಮುಗಿಯುವವರೆಗೆ ಬಾಳಿದರೆ ಸಾಕೆಂದು ಕಟ್ಟಿದಂಥವು. ಅವುಗಳಲ್ಲಿ ಇಂದು ಹೆಸರಿನ ಹೊರತು ಏನೂ ಉಳಿದಿಲ್ಲ. ದಕ್ಷಿಣ ಇಂಗ್ಲೆಂಡಿನಲ್ಲಿ ಟೆಲಿಗ್ರಾಫ್ ಹಿಲ್ ಎಂಬ ಗುಡ್ಡಗಳು ಅಲ್ಲಲ್ಲಿ ಇವೆ. ತಂತಿಯೇ ಇಲ್ಲದ ಕಾಲದ ಟೆಲಿಗ್ರಾಫ್ ಅದು. ಆ ಶಬ್ದ ತಂತಿಗಿಂತ ಹಳೆಯದು.

ವಾಟರ್ಲೂ ಕದನದ ಕುರಿತು ಅಲ್ಲಿ ಒಂದು ದಂತಕಥೆ ಇದೆ. ಫಲಕಗಳ ಮೂಲಕ “ವೆಲ್ಲಿಂಗ್ಟನ್ ಡಿಫೀಟೆಡ್” ಎಂಬಷ್ಟು ಬರುತ್ತಿದ್ದಂತೆ ಮಂಜು ಕವಿಯಿತಂತೆ. ಇಂಗ್ಲಿಷಿನಲ್ಲಿ ಆ ಎರಡು ಪದಗಳಿಗೆ ಗೆದ್ದನೆಂದೂ ಅರ್ಥ, ಸೋತನೆಂದೂ ಅರ್ಥ. ಊರೆಲ್ಲ ಅತ್ತಿತಂತೆ. ಮಂಜು ಸರಿದ ಮೇಲೆ “ದಿ ಫ್ರೆಂಚ್” ಎಂಬ ಉಳಿದ ಪದಗಳು ಬಂದುವಂತೆ. ನಡೆದದ್ದು ಹಾಗಲ್ಲ; ಗೆಲುವಿನ ಸುದ್ದಿಯನ್ನು ಮೇಜರ್ ಪರ್ಸಿ ಎಂಬ ಅಧಿಕಾರಿ ಗಾಡಿಯಲ್ಲಿ ಲಂಡನ್ನಿಗೆ ತಂದದ್ದು. ಆದರೂ ವ್ಯಾಕರಣ ಪಾಠಕ್ಕೆ ಇಂಥ ಕಥೆ ಬೇರೆ ಸಿಗಲಾರದು. ನಾನು ತರಗತಿಯಲ್ಲಿ ಇದನ್ನು ಹೇಳಿ, ಇದೇ ಸುದ್ದಿ ಕನ್ನಡದಲ್ಲಿ ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳುತ್ತಿದ್ದೆ. ನಮ್ಮಲ್ಲಿ ಮೊದಲ ಪದದಲ್ಲಿಯೇ ವಿಭಕ್ತಿ ಪ್ರತ್ಯಯ ಕುಳಿತಿರುತ್ತದೆ. ಪ್ರಥಮೆಯೋ ದ್ವಿತೀಯೆಯೋ ಎಂಬುದು ತಿಳಿದರೆ ಹೊಡೆದವನು ಯಾರು, ಹೊಡೆಸಿಕೊಂಡವನು ಯಾರು ಎಂಬ ಅನುಮಾನ ಉಳಿಯುವುದಿಲ್ಲ. ಆದರೆ ಕ್ರಿಯಾಪದ ಕೊನೆಯಲ್ಲಿ ಇರುವುದರಿಂದ, ಮಂಜು ಕವಿದರೆ ಅವನು ಫ್ರೆಂಚರನ್ನು ಸೋಲಿಸಿದನೋ ಊಟಕ್ಕೆ ಕರೆದನೋ ತಿಳಿಯದೆ ಕಾಯಬೇಕು. ಪ್ರತಿಯೊಂದು ಭಾಷೆಗೂ ಅದರದೇ ಮಂಜು.

ಮರ‍್ರೆಯ ಫಲಕಗಳ ಬಳಿಕ ಬಂದವನು ಹೋಮ್ ಪಾಪಮ್ ಎಂಬ ನೌಕಾಧಿಕಾರಿ. ಇವನನ್ನು ನಾನು ಭಾಷೆಯ ಮನುಷ್ಯನೆಂದೇ ಎಣಿಸುತ್ತೇನೆ. ಹಡಗಿನಿಂದ ಹಡಗಿಗೆ ಬಾವುಟಗಳ ಮೂಲಕ ಮಾತನಾಡಲು ಅಲ್ಲಿಯವರೆಗೆ ಇದ್ದದ್ದು ನಿಗದಿಯಾದ ಕೆಲವು ಆಜ್ಞೆಗಳು ಮಾತ್ರ: ಮುಂದೆ ಸಾಗು, ಹಿಂದೆ ಸರಿ, ಲಂಗರು ಹಾಕು. ಪಾಪಮ್ ಒಂದು ಪದಕೋಶವನ್ನೇ ರಚಿಸಿದನು. ಪ್ರತಿಯೊಂದು ಪದಕ್ಕೂ ಒಂದು ಅಂಕೆ, ಅಂಕೆಗೆ ತಕ್ಕ ಬಾವುಟ. ಪದ ಕೋಶದಲ್ಲಿ ಇಲ್ಲದಿದ್ದರೆ ಅಕ್ಷರ ಅಕ್ಷರವಾಗಿ ಹೇಳಬೇಕು. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕದನದ ಮುಂಚೆ ನೆಲ್ಸನ್ ತನ್ನ ನೌಕಾಪಡೆಗೆ ಕಳುಹಿಸಿದ ಪ್ರಸಿದ್ಧ ಸಂದೇಶ ಈ ಕೋಶದಿಂದ ಹೊರಟದ್ದು. ಪ್ರತಿಯೊಬ್ಬನೂ ತನ್ನ ಕರ್ತವ್ಯವನ್ನು ಮಾಡುವನೆಂದು ಇಂಗ್ಲೆಂಡಿಗೆ ಭರವಸೆ ಇದೆ ಎನ್ನುವುದು ನೆಲ್ಸನ್ನನ ಮೂಲ ಮಾತು. ಸಂಕೇತಾಧಿಕಾರಿ ಪಾಸ್ಕೋ, ಭರವಸೆ ಎಂಬ ಅರ್ಥದ ಆ ಪದ ಕೋಶದಲ್ಲಿಲ್ಲ, ನಿರೀಕ್ಷಿಸುತ್ತದೆ ಎಂಬ ಪದ ಇದೆ, ಹಾಗೆ ಬದಲಾಯಿಸಿದರೆ ಬೇಗ ಆಗುತ್ತದೆ ಎಂದನು. ನೆಲ್ಸನ್ ಒಪ್ಪಿದನು. ಭರವಸೆಯ ಮಾತು ಹೀಗೆ ನಿರೀಕ್ಷೆಯ ಮಾತಾಯಿತು. ತಂದೆ ಮಗನಿಗೆ ಹೇಳುವುದಕ್ಕೂ ಯಜಮಾನ ಆಳಿಗೆ ಹೇಳುವುದಕ್ಕೂ ಇರುವಷ್ಟು ವ್ಯತ್ಯಾಸ ಅಲ್ಲಿ ಬಂದುಬಿಟ್ಟಿತು. ಇನ್ನೂ ವಿಚಿತ್ರವೆಂದರೆ, ಕರ್ತವ್ಯ ಎಂಬ ಪದವೇ ಆ ಕೋಶದಲ್ಲಿ ಇರಲಿಲ್ಲ. ಅದನ್ನು ನಾಲ್ಕು ಅಕ್ಷರಗಳಾಗಿ ಬಿಡಿಸಿ ಹಾರಿಸಿದರು. ಕೋಶಕಾರರ ಮೇಲೆ ನನಗಿರುವ ಗೌರವಕ್ಕೆ ಇದರಿಂದ ಕುಂದಿಲ್ಲ; ಯಾವ ಕೋಶದಲ್ಲಿಯೂ ಅತ್ಯಂತ ಅಗತ್ಯದ ಪದವೇ ಬಿಟ್ಟುಹೋಗಿರುತ್ತದೆ ಎಂಬುದು ಕೋಶ ತೆರೆದವರಿಗೆಲ್ಲ ಗೊತ್ತು.

ಯುದ್ಧ ಮುಗಿದು, 1816ರಲ್ಲಿ ಫಲಕಗಳ ಸಾಲನ್ನು ನಿಲ್ಲಿಸಿದಾಗ, ಪಾಪಮ್ ರೂಪಿಸಿದ ಹೊಸ ಯಂತ್ರವನ್ನು ಅಡ್ಮಿರಾಲ್ಟಿ ಒಪ್ಪಿಕೊಂಡಿತು. ಅದರ ಹೆಸರು ಸೆಮಫೋರ್. ಗ್ರೀಕಿನಲ್ಲಿ ಚಿಹ್ನೆಯನ್ನು ಹೊರುವುದು ಎಂಬ ಅರ್ಥ. ಸುಮಾರು ಮೂವತ್ತು ಅಡಿ ಎತ್ತರದ ಟೊಳ್ಳು ಸ್ತಂಭ. ಅದಕ್ಕೆ ಎರಡು ಮರದ ಕೈಗಳು, ತುದಿಯಲ್ಲೊಂದು, ನಡುವಿನಲ್ಲೊಂದು. ಕೆಲಸವಿಲ್ಲದಾಗ ಕೈಗಳು ಸ್ತಂಭದ ಸೀಳಿನೊಳಗೆ ಮಡಚಿಕೊಂಡು ಮರೆಯಾಗುತ್ತವೆ. ಕೆಳಗಿನ ಕೋಣೆಯಲ್ಲಿ ಹಿಡಿಕೆ ತಿರುಗಿಸಿದರೆ ಸರಪಳಿಯ ಮೂಲಕ ಮೇಲಿನ ಕೈ ತಿರುಗುತ್ತದೆ. ಎಷ್ಟು ತಿರುಗಿತೆಂದು ಕೆಳಗಿನ ಮುಖಫಲಕದ ಮುಳ್ಳು ತೋರಿಸುತ್ತದೆ, ಗಡಿಯಾರದಂತೆ. ಪ್ರತಿಯೊಂದು ಕೈಗೆ ಆರು ಸ್ಥಾನ. ಮಡಚಿದ ಸ್ಥಿತಿ ಸೇರಿದರೆ ಏಳು. ಏಳೇಳು ನಲವತ್ತೊಂಬತ್ತು, ಎರಡೂ ಮಡಚಿದ್ದರೆ ಅದು ಮೌನ, ಅದನ್ನು ಕಳೆದರೆ 48 ಸಂಕೇತಗಳು. ಈ ಸಂಖ್ಯೆಯನ್ನು ಓದಿದಾಗ ನಾನು ನಕ್ಕೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕನ್ನಡಕ್ಕೆ ಎಣಿಸಿಕೊಟ್ಟ ಅಕ್ಷರಗಳು 47. ಪಾಪಮ್ಮನ ಯಂತ್ರದಲ್ಲಿ ನಮ್ಮ ವರ್ಣಮಾಲೆಯನ್ನು ಕೂರಿಸಿ, ಪೂರ್ಣವಿರಾಮಕ್ಕೂ ಒಂದು ಜಾಗ ಉಳಿಸಬಹುದಿತ್ತು. ಒತ್ತಕ್ಷರದ ಗತಿ ಏನೆಂದು ಹಿಂದಿನ ಸಾಲಿನಲ್ಲಿರುವ ವ್ಯಾಕರಣ ಮಿತ್ರರು ಕೇಳಬಾರದು.

ಫಲಕಗಳಿಗಿಂತ ಕೈ ಮೇಲಾದದ್ದು ಏಕೆ? ಫಲಕಗಳ ಚೌಕಟ್ಟು ದೂರದಿಂದ ಒಂದು ಮಸುಕು ಮುದ್ದೆಯಾಗಿ ಕಾಣುತ್ತದೆ. ಬರಿಯ ಆಕಾಶದ ಎದುರು ಚಾಚಿದ ಒಂದು ಗೆರೆ ಎಷ್ಟೋ ಮೈಲಿಯಿಂದ ಸ್ಪಷ್ಟ. ನಮ್ಮ ಗದ್ದೆಯ ಬದುವಿನಲ್ಲಿ ನಿಂತವನು ಬಾಯಿಗಿಂತ ಕೈಯಿಂದ ಕರೆಯುವುದು ಇದೇ ಕಾರಣಕ್ಕೆ.

ಲಂಡನ್–ಪೋರ್ಟ್ಸ್‌ಮತ್ ಸೆಮಫೋರ್ ಸಾಲು 1822ರಲ್ಲಿ ಕೆಲಸಕ್ಕೆ ಬಂತು. ಪಾಪಮ್ ಅದನ್ನು ನೋಡಲಿಲ್ಲ, 1820ರಲ್ಲಿ ತೀರಿಹೋಗಿದ್ದನು. ಹದಿನೈದು ನಿಲ್ದಾಣಗಳು: ಅಡ್ಮಿರಾಲ್ಟಿಯ ಮಾಳಿಗೆ, ಚೆಲ್ಸಿ, ಪಟ್ನಿ, ಕಿಂಗ್‌ಸ್ಟನ್ ದಾಟಿ ಎಶರ್ ಬಳಿಯ ಕೂಪರ್ಸ್ ಹಿಲ್, ಅಲ್ಲಿಂದ ಚಾಟ್ಲಿ ಹೀತ್, ಆಮೇಲೆ ಗಿಲ್ಫರ್ಡಿನ ಪ್ಯೂಲಿ ಹಿಲ್, ಹೀಗೆ ಗುಡ್ಡದಿಂದ ಗುಡ್ಡಕ್ಕೆ ಕಡಲಿನವರೆಗೆ. ಈ ಬಾರಿ ಮರದ ಗುಡಿಸಲುಗಳಲ್ಲ, ಇಟ್ಟಿಗೆಯ ಮನೆಗಳು. ಬಹುಪಾಲು ನಿಲ್ದಾಣಗಳು ನೋಡಲು ಸಾಧಾರಣ ವಾಸದ ಮನೆಗಳಂತೆಯೇ ಇದ್ದವು, ಮೇಲೊಂದು ಸ್ತಂಭ. ಗುಡ್ಡವೇ ಎತ್ತರ ಕೊಟ್ಟಿದ್ದಾಗ ಗೋಡೆಗೆ ಎತ್ತರವೇಕೆ?

ಚಾಟ್ಲಿ ಹೀತ್ ಮಾತ್ರ ಬೇರೆ. ಅಲ್ಲಿ ಐದು ಅಂತಸ್ತು, ಅರುವತ್ತು ಅಡಿ ಎತ್ತರ, ಅಷ್ಟಕೋನದ ವಿನ್ಯಾಸ. ಕಾರಣ ಎರಡು. ಮೊದಲನೆಯದು, ಸುತ್ತಲಿನ ಮರಗಳನ್ನು ಮೀರಿ ಒಂದು ಕಡೆ ಕೂಪರ್ಸ್ ಹಿಲ್, ಇನ್ನೊಂದು ಕಡೆ ಪ್ಯೂಲಿ ಹಿಲ್ ಕಾಣಬೇಕಿತ್ತು. ಎರಡನೆಯದು ಮುಖ್ಯ: ಇದು ಕವಲು. ಇಲ್ಲಿಂದ ಪಶ್ಚಿಮಕ್ಕೆ ಒಡೆದು ಪ್ಲಿಮತ್ ಬಂದರಿಗೆ ಮತ್ತೊಂದು ಸಾಲು ಹೋಗಬೇಕೆಂದು ನಿಶ್ಚಯಿಸಿದ್ದರು. ಮೂರು ದಿಕ್ಕಿಗೆ ನೋಡುವ ಮನೆಗೆ ನಾಲ್ಕು ಗೋಡೆ ಸಾಲದು. ಅಷ್ಟಕೋನಕ್ಕೆ ಯಾವ ದಿಕ್ಕಿನ ನೋಟವೂ ಓರೆಯಾಗುವುದಿಲ್ಲ, ಬಯಲಿನ ಗಾಳಿಗೂ ಅದು ಅಗಲವಾದ ಎದೆ ಕೊಡುವುದಿಲ್ಲ. ನನಗೆ ತೋರುವಂತೆ ಆ ಕಟ್ಟಡದ ಚೆಲುವು ಅದರ ಉಪಯೋಗದಿಂದಲೇ ಹುಟ್ಟಿದ್ದು. ಅಲ್ಲಿ ಶೃಂಗಾರಕ್ಕೆಂದು ಇಟ್ಟ ವಸ್ತು ಅತ್ಯಲ್ಪ. ಸ್ತಂಭದ ಬುಡ ಛಾವಣಿಯನ್ನು ತೂರಿ ಮೇಲಿನ ಕೋಣೆಗೆ ಇಳಿಯುತ್ತದೆ. ಆ ಕೋಣೆ ಯಂತ್ರದ್ದು. ಕೆಳಗಿನ ಅಂತಸ್ತುಗಳು ಸಂಸಾರದ್ದು. ಹೌದು, ಸಂಸಾರದ್ದು. ಪ್ರತಿಯೊಂದು ನಿಲ್ದಾಣಕ್ಕೆ ಅರ್ಧ ಸಂಬಳದ ಮೇಲಿದ್ದ ನೌಕಾ ಲೆಫ್ಟಿನೆಂಟ್ ಒಬ್ಬ, ಅವನ ಸಹಾಯಕ ಒಬ್ಬ. ಯುದ್ಧ ಮುಗಿದು ಹಡಗು ಸಿಗದ ಅಧಿಕಾರಿಗಳು ಹೆಂಡತಿ ಮಕ್ಕಳೊಡನೆ ಬಂದು ಈ ನೆಲದ ಹಡಗುಗಳಲ್ಲಿ ನೆಲೆಸಿದರು. ಕಡಲು ಕಾಣದ ಬಯಲಿನಲ್ಲಿ ಕಡಲಿನವರ ಕಾವಲು.

ಕಾವಲಿನ ವೇಳೆ ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಐದು, ಚಳಿಗಾಲದಲ್ಲಿ ಮೂರು ಗಂಟೆಯವರೆಗೆ. ಹೆಚ್ಚು ಕಡಿಮೆ ನಮ್ಮ ಶಾಲೆಯ ವೇಳೆ. ಒಂದು ದೂರದರ್ಶಕ ಹಿಂದಿನ ನಿಲ್ದಾಣದ ಕಡೆ, ಇನ್ನೊಂದು ಮುಂದಿನದರ ಕಡೆ. ಹಿಂದಿನವನ ಕೈ ಎದ್ದರೆ ಇವನೂ ಹಾಗೆಯೇ ಎತ್ತಬೇಕು, ಮುಂದಿನವನು ಎತ್ತಿದನೇ ಎಂದು ನೋಡಬೇಕು. ಸಂದೇಶದ ಅರ್ಥ ತಿಳಿಯುವುದು ಅವನ ಕೆಲಸಕ್ಕೆ ಬೇಕಾಗಿಲ್ಲ. ಆಕಾರ ತಪ್ಪಬಾರದು, ಅಷ್ಟೆ. ಇದನ್ನು ಓದುವಾಗ ನನಗೆ ಹಳೆಯ ಓಲೆಗರಿಗಳ ಪ್ರತಿಕಾರರು ನೆನಪಾದರು. ಪಂಪನನ್ನು ನಮ್ಮವರೆಗೆ ತಂದವರೆಲ್ಲ ಪಂಪನನ್ನು ಅರಿತವರಾಗಿರಲಿಲ್ಲ. ಅರಿಯದೆ ತಿದ್ದಲು ಹೋದವರಿಗಿಂತ, ಅರಿಯದೆ ಕಂಡಂತೆ ಬರೆದವರಿಗೆ ನಮ್ಮ ಸಂಪಾದಕರು ಹೆಚ್ಚು ಋಣಿಗಳು.

ಇಂಥ ಸಾಲು ಭಾರತದಲ್ಲಿಯೂ ಇತ್ತು. ಈಸ್ಟ್ ಇಂಡಿಯಾ ಕಂಪನಿಯು ಕಲ್ಕತ್ತೆಯಿಂದ ಗಂಗೆಯ ದಡದ ಚುನಾರದವರೆಗೆ ಗೋಪುರಗಳನ್ನು ಕಟ್ಟಿಸಿತು. ಅವುಗಳಲ್ಲಿ ಕೆಲವು ಇಂದಿಗೂ ಬಂಗಾಳದ ಹೊಲಗಳ ನಡುವೆ ಒಂಟಿಯಾಗಿ ನಿಂತಿವೆ. ಆ ಸಾಲಿಗೆ ನೆಲ ಅಳೆದವರು ಜಾರ್ಜ್ ಎವರೆಸ್ಟ್, ಮುಂದೆ ಹಿಮಾಲಯದ ಶಿಖರಕ್ಕೆ ಹೆಸರಾದವರು. ಆದರೆ ಅದು ನೌಕಾದಳದ ಕೆಲಸವಲ್ಲವಾದ್ದರಿಂದ ಅತ್ತ ಹೋಗುವುದಿಲ್ಲ.

ಚಾಟ್ಲಿ ಹೀತಿನ ಪಶ್ಚಿಮದ ಕವಲಿನ ಕಥೆ ದುಃಖದ್ದು. ಪ್ಲಿಮತ್ ಸಾಲಿನ ಕೆಲಸ 1825ರಲ್ಲಿ ಶುರುವಾಗಿ, ಕೆಲವು ನಿಲ್ದಾಣಗಳು ಎದ್ದು, 1831ರಲ್ಲಿ ನಿಂತುಹೋಯಿತು. ಶಾಂತಿಕಾಲದಲ್ಲಿ ಇಷ್ಟು ಖರ್ಚೇಕೆ ಎಂಬುದು ಸರಕಾರಗಳ ಸನಾತನ ಪ್ರಶ್ನೆ. ಮೂರು ದಿಕ್ಕಿಗೆಂದು ಕಟ್ಟಿದ ಗೋಪುರ ಕೊನೆಯವರೆಗೆ ಎರಡೇ ದಿಕ್ಕಿಗೆ ದುಡಿಯಿತು. ಮೂರನೆಯ ಮುಖ ಬಾರದ ನೆಂಟನ ದಾರಿ ನೋಡುತ್ತ ಕುಳಿತಂತೆ.

ಉಳಿದದ್ದನ್ನು ಬೇಗ ಹೇಳಬಹುದು. ಮಂಜು, ಮಳೆ, ಲಂಡನ್ನಿನ ಹೊಗೆ, ಕತ್ತಲೆ ಇವುಗಳ ಮುಂದೆ ಸೆಮಫೋರ್ ಅಸಹಾಯ. ವಿದ್ಯುತ್ತಿಗೆ ಮಂಜಿಲ್ಲ. 1840ರ ದಶಕದಲ್ಲಿ ರೈಲುಹಳಿಯ ಪಕ್ಕದಲ್ಲಿ ಕುಕ್ ಮತ್ತು ವೀಟ್‌ಸ್ಟನ್ನರ ವಿದ್ಯುತ್ ತಂತಿ ಪೋರ್ಟ್ಸ್‌ಮತ್ ಕಡೆಗೆ ಬಂತು. ಕೆಲಕಾಲ ಎರಡೂ ಜೊತೆಗೆ ನಡೆದವು. 1847ರ ಡಿಸೆಂಬರ್ 31ರಂದು ಸೆಮಫೋರ್ ಸಾಲು ಮುಚ್ಚಿತು. ಮುಂದಿನ ನೂರು ವರ್ಷಕ್ಕೂ ಮೇಲೆ ಚಾಟ್ಲಿಯ ಗೋಪುರ ಬರಿಯ ವಾಸದ ಮನೆಯಾಗಿತ್ತು. ಆ ಸಂಸಾರಗಳೂ ಹೋದ ಮೇಲೆ ಪಾಳುಬಿದ್ದು, 1984ರಲ್ಲಿ ಬೆಂಕಿಗೆ ತುತ್ತಾಯಿತು. ಸರ‍್ರೆ ಕೌಂಟಿಯವರು 1989ರಲ್ಲಿ ದುರಸ್ತಿ ಮಾಡಿ ಸ್ತಂಭವನ್ನೂ ಕೈಗಳನ್ನೂ ಮತ್ತೆ ನಿಲ್ಲಿಸಿದರು. ಅದೂ ಕಾಲಕ್ರಮದಲ್ಲಿ ಹಾಳಾಗಲು, ಹಳೆಯ ಕಟ್ಟಡಗಳನ್ನು ಉಳಿಸುವ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಕೈಗೆತ್ತಿಕೊಂಡು 2021ರಲ್ಲಿ ಮತ್ತೆ ಸಿದ್ಧಗೊಳಿಸಿತು. ಈಗ ರಜೆಗೆ ಬಂದವರು ಬಾಡಿಗೆ ಕೊಟ್ಟು ಅಲ್ಲಿ ತಂಗಬಹುದು.

ನಾನು ಹೋದ ದಿನ ಯಾರೋ ಒಳಗೆ ತಂಗಿದ್ದರು, ಹತ್ತಲಾಗಲಿಲ್ಲ. ಮರಳುನೆಲದ ಕಾಲುದಾರಿಯಲ್ಲಿ, ದೇವದಾರುಗಳಂಥ ಮರಗಳ ನಡುವೆ ಮಗಳೂ ನಾನೂ ನಡೆದು ಹೋದೆವು. ಹತ್ತಿರದಲ್ಲೇ ಹೆದ್ದಾರಿಗಳು ಕೂಡುವ ಜಾಗ. ಕಡಲಿನ ಮೊರೆತದಂತೆ ಎಡೆಬಿಡದ ಸದ್ದು. ಗೋಪುರದ ಬುಡಕ್ಕೆ ಬಂದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಸ್ತಂಭದ ತುದಿಯೂ ಕಾಣುತ್ತಿರಲಿಲ್ಲ. ಮಗಳು ನಿರಾಶಳಾಗಿ, ಇನ್ನೊಂದು ದಿನ ಬರೋಣವೆಂದಳು. ನನಗೆ ನಿರಾಶೆಯಾಗಲಿಲ್ಲ. ಇಂಥ ದಿನ ಆ ಲೆಫ್ಟಿನೆಂಟ್ ಏನು ಮಾಡುತ್ತಿದ್ದನು? ದೂರದರ್ಶಕಕ್ಕೆ ಕಣ್ಣಿಟ್ಟರೆ ಬಿಳುಪು. ಕೈ ಎತ್ತಿದರೆ ನೋಡುವವರಿಲ್ಲ. ಆದರೂ ವೇಳೆ ಮುಗಿಯುವವರೆಗೆ ಎದ್ದುಹೋಗುವಂತಿಲ್ಲ, ಏಕೆಂದರೆ ಮಂಜು ಯಾವ ಗಳಿಗೆಯಲ್ಲಿಯೂ ಸರಿಯಬಹುದು.

ಅಲ್ಲಿ ನಿಂತಾಗ ನನ್ನ ಮನಸ್ಸಿಗೆ ಬಂದದ್ದು ನಾನು ಪಾಠ ಹೇಳಿದ ಶಾಲೆಗಳು. ಅವುಗಳಲ್ಲಿ ಒಂದರಲ್ಲಿ ಇಂದು ಕನ್ನಡ ವಿಭಾಗವಿಲ್ಲ. ಮುಚ್ಚಿದವರು ಯಾರೂ ದುಷ್ಟರಲ್ಲ. ಮಕ್ಕಳು ಬರಲಿಲ್ಲ, ಹುದ್ದೆ ಉಳಿಯಲಿಲ್ಲ, ಒಂದು ಜೂನ್ ತಿಂಗಳಿನಲ್ಲಿ ಬಾಗಿಲು ತೆರೆಯಲಿಲ್ಲ. ಕೊನೆಯ ವರ್ಷ ನನ್ನ ತರಗತಿಯಲ್ಲಿ ನಾಲ್ವರಿದ್ದರು. ಮನೆಯಲ್ಲಿ ಒಬ್ಬಳಿಗೆ ತುಳು, ಒಬ್ಬನಿಗೆ ಮರಾಠಿ, ಒಬ್ಬನಿಗೆ ಮಲಯಾಳ, ಒಬ್ಬಳಿಗೆ ಕೊಂಕಣಿ. ಕನ್ನಡ ಯಾರ ಮನೆಮಾತೂ ಆಗಿರಲಿಲ್ಲ, ಎಲ್ಲರ ಓದಿನ ಮಾತಾಗಿತ್ತು. ಆ ನಾಲ್ವರಿಗೆ ಷಟ್ಪದಿಯ ಮಾತ್ರೆ ಎಣಿಸಲು ಕಲಿಸಿದೆ. ಅದನ್ನು ಮುಂದೆ ಯಾರಿಗೆ ದಾಟಿಸುತ್ತಾರೆಂದು ಆಗ ನಾನು ಕೇಳಿಕೊಳ್ಳಲಿಲ್ಲ. ಆ ಹಳ್ಳಿಯ ಶಾಲೆಯಿಂದ ಎಂಟನೆಯ ತರಗತಿಗೆ ಮಕ್ಕಳು ಬರುತ್ತಿದ್ದುದು ಇಲ್ಲಿಗೆ, ಈ ಶಾಲೆಗೆ. ನಮ್ಮ ಹಿಂದಿನ ಗುಡ್ಡದ ಗೋಪುರ ಅದು. ಈಗ ನೀವು ಆ ಕಡೆಗೆ ದೂರದರ್ಶಕ ತಿರುಗಿಸಿದರೆ ಕೈ ಎತ್ತುವವರಿಲ್ಲ.

ಆ ಹಳ್ಳಿಯ ನಾಲ್ವರಲ್ಲಿ ಒಬ್ಬಳು ಇಂದು ಈ ಸಭೆಯಲ್ಲಿದ್ದಾಳೆ, ಅಧ್ಯಾಪಿಕೆಯಾಗಿ, ಎಡಬದಿಯ ಮೂರನೆಯ ಸಾಲಿನಲ್ಲಿ. ಹೆಸರು ಹೇಳಿದರೆ ಸಂಕೋಚಪಡುತ್ತಾಳೆ. ಬರುವ ವಾರ ಐದನೆಯ ತರಗತಿಯನ್ನು ಬೇಕಲಕ್ಕೆ ಕರೆದೊಯ್ಯುತ್ತಿರುವುದಾಗಿ ಬೆಳಿಗ್ಗೆ ಹೇಳಿದಳು. ಬುರುಜಿನ ಮೇಲೆ ಹತ್ತಿದಾಗ ನಮ್ಮ ಮೇಷ್ಟ್ರು ಕೇಳಿದ ಆ ಪ್ರಶ್ನೆಯನ್ನು ಮಕ್ಕಳಲ್ಲಿ ಕೇಳಬೇಕೆಂದು ಅವಳಿಗೆ ಹೇಳಿದ್ದೇನೆ. ಉತ್ತರವನ್ನು ನೀನು ಹೇಳಬೇಡ ಎಂದೂ ಹೇಳಿದ್ದೇನೆ.